ಬ್ರೇಕ್ ಮೇಷ್ಟ್ರ ಬಲಗಾಲು

"ಕಾಲು, ಮೇಷ್ಟ್ರೇ, ಕಾಲು!"

ಬೆಳಗಿನಿಂದ ವಿಮಾನ ಕಲಿಸುವ ಕ್ಯಾಪ್ಟನ್ ಈ ಮಾತು ಹೇಳಿದ್ದು ಇದು ಒಂಬತ್ತನೇ ಸಲ. ಮೇಷ್ಟ್ರು ಎಣಿಸುತ್ತಲೇ ಬಂದಿದ್ದರು. ಐವತ್ತನಾಲ್ಕು ತುಂಬಿದ ಮನುಷ್ಯನಿಗೆ ಇಪ್ಪತ್ತೇಳರ ಹುಡುಗಿಯೊಬ್ಬಳು ಕಾಲು ಎಲ್ಲಿಡಬೇಕೆಂದು ಹೇಳಿಕೊಡುವುದೇ! ಹುಟ್ಟಿದಾಗಿನಿಂದ ಜೊತೆಗಿರುವ ಕಾಲು, ಅದು ಎಲ್ಲಿದೆ ಎಂದು ತಮಗೆ ಗೊತ್ತಿಲ್ಲವೇ? ಹಾಗೆಂದು ಗೊಣಗಿಕೊಂಡು ಕೆಳಗೆ ನೋಡಿದರೆ, ಹಾಳಾದ ಬಲಗಾಲು ಮತ್ತೆ ಪೆಡಲಿನ ಮೇಲ್ತುದಿಗೆ ಹತ್ತಿ ಕೂತಿತ್ತು.

ಪುಟ್ಟ ವಿಮಾನದ ವಿಷಯ ತಿಳಿಯದವರಿಗೆ ಇಷ್ಟು ಹೇಳಿದರೆ ಸಾಕು. ಅದರಲ್ಲಿ ಅಕ್ಕಪಕ್ಕ ಎರಡು ಸೀಟು, ಒಂದೊಂದರ ಮುಂದೆಯೂ ಎರಡೆರಡು ಪೆಡಲು. ಪೆಡಲಿನ ಕೆಳಭಾಗ ಒತ್ತಿದರೆ ವಿಮಾನದ ಮೂಗು ಅತ್ತಿತ್ತ ತಿರುಗುತ್ತದೆ. ಮೇಲಿನ ಭಾಗವನ್ನು ಕಾಲ್ಬೆರಳಿನಿಂದ ಒತ್ತಿದರೆ ಬ್ರೇಕು. ಬಲಗಾಲಿನದು ಬಲಚಕ್ರಕ್ಕೆ, ಎಡಗಾಲಿನದು ಎಡಚಕ್ರಕ್ಕೆ. ನೆಲಕ್ಕಿಳಿಯುವ ಹೊತ್ತಿನಲ್ಲಿ ಹಿಮ್ಮಡಿ ಕೆಳಗೆ ಊರಿರಬೇಕು, ಬ್ರೇಕಿನ ಗೊಡವೆಗೇ ಹೋಗಬಾರದು. ಚಕ್ರವನ್ನು ಹಿಡಿದಿಟ್ಟುಕೊಂಡು ಇಳಿದರೆ ಟೈರು ಹರಿದುಹೋಗುತ್ತದೆ. ಇದಿಷ್ಟು ಹತ್ತು ವರ್ಷದ ಮಗುವಿಗೂ ಒಂದೇ ಸಲಕ್ಕೆ ತಿಳಿಯುವ ಸಂಗತಿ. ಮೇಷ್ಟ್ರಿಗೂ ತಿಳಿದಿತ್ತು. ಅವರ ಕಾಲಿಗೆ ತಿಳಿದಿರಲಿಲ್ಲ, ಅಷ್ಟೆ.

ಅವರು ಶಾಲೆಯ ಮೇಷ್ಟ್ರಲ್ಲ, ಕಾರು ಕಲಿಸುವ ಮೇಷ್ಟ್ರು. ಮೂವತ್ತು ವರ್ಷದಿಂದ ಎಲ್ ಬೋರ್ಡಿನ ಕಾರಿನಲ್ಲಿ ಎಡಗಡೆ ಸೀಟಿನಲ್ಲಿ ಕೂತು ಊರಿನ ಅರ್ಧ ಜನಕ್ಕೆ ಸ್ಟೇರಿಂಗ್ ಹಿಡಿಸಿದವರು. ಆ ಕಾರಿನಲ್ಲಿ ಮೇಷ್ಟ್ರ ಕಾಲಬುಡದಲ್ಲಿಯೂ ಒಂದು ಬ್ರೇಕ್ ಪೆಡಲು ಇತ್ತು. ಕಲಿಯುವವರು ಹೆದರಿ ಕಕ್ಕಾಬಿಕ್ಕಿಯಾದರೆ ಮೇಷ್ಟ್ರು ಒತ್ತಲಿ ಎಂದು ಅದನ್ನು ಕೂರಿಸಿರುತ್ತಾರೆ. ನಮ್ಮ ಮೇಷ್ಟ್ರು ಅಲ್ಲಿಯವರೆಗೆ ಕಾಯುವ ಜಾತಿಯಲ್ಲ. ತಿರುವು ಕಂಡರೆ ಒತ್ತುವರು, ನಾಯಿ ಕಂಡರೆ ಒತ್ತುವರು, ದೂರದಲ್ಲಿ ಯಾರೋ ರಸ್ತೆ ದಾಟುವ ಯೋಚನೆಯಲ್ಲಿರುವಂತೆ ಕಂಡರೂ ಒತ್ತುವರು. ಅದೂ ಹೇಗೆ, ಪಕ್ಕದವರಿಗೆ ಗೊತ್ತೇ ಆಗದಷ್ಟು ನಯವಾಗಿ. ಕಾರು ನಿಂತ ಮೇಲೆ, "ಭೇಷ್! ಸರಿಯಾದ ಹೊತ್ತಿಗೆ ನಿಲ್ಸಿದ್ರಿ ನೋಡಿ. ನಾನೇನೂ ಮುಟ್ಟೇ ಇಲ್ಲ," ಎಂದು ಬೆನ್ನು ತಟ್ಟುವರು. ಇದನ್ನವರು ಸುಳ್ಳೆಂದು ಎಣಿಸಿರಲಿಲ್ಲ, ಕಲಿಯುವವರಿಗೆ ಧೈರ್ಯ ತುಂಬುವ ಉಪಾಯ ಎಂದುಕೊಂಡಿದ್ದರು. ಆದರೂ ಗುಟ್ಟು ಊರಿಗೆಲ್ಲ ಗೊತ್ತಾಗಿ, ಬೆನ್ನ ಹಿಂದೆ ಅವರು ಬ್ರೇಕ್ ಮೇಷ್ಟ್ರು ಎಂದೇ ಹೆಸರಾದರು. ವರ್ಷಕ್ಕೆರಡು ಸಲ ಅವರ ಬಲಗಾಲಿನ ಚಪ್ಪಲಿಯ ಅಟ್ಟೆ ಮಾತ್ರ ಸವೆಯುತ್ತಿತ್ತು. ಮನೆಯಲ್ಲಿ ಸೋಫಾದ ಮೇಲೆ ಕೂತು ಟೀವಿ ನೋಡುವಾಗಲೂ ಕಾಲು ತಾನಾಗಿ ನೆಲ ಒತ್ತುತ್ತಿತ್ತು. "ಯಾರನ್ನ ನಿಲ್ಸಿದ್ರಿ ಈಗ?" ಎಂದು ಹೆಂಡತಿ ಕೇಳುತ್ತಿದ್ದಳು.

ಇಂಥವರು ವಿಮಾನದ ತಂಟೆಗೆ ಹೋದದ್ದಾದರೂ ಯಾಕೆ? ಊರಿನ ಹೊರಗೆ ಹಾರಾಟದ ಕ್ಲಬ್ಬಿನ ತಂತಿ ಬೇಲಿಯ ಪಕ್ಕ ಒಂದು ಖಾಲಿ ರಸ್ತೆ ಇತ್ತು. ರಿವರ್ಸ್ ಕಲಿಸಲು ಮೇಷ್ಟ್ರು ಎಲ್ಲರನ್ನೂ ಅಲ್ಲಿಗೇ ಕರೆದೊಯ್ಯುವುದು. ಬೇಲಿಯಾಚೆ ಪುಟ್ಟ ವಿಮಾನಗಳು ಏಳುತ್ತಿದ್ದವು, ಇಳಿಯುತ್ತಿದ್ದವು. ಒಂದು ದಿನ ಒಬ್ಬ ದಂತವೈದ್ಯರಿಗೆ ಮೂವತ್ತನೇ ಸಲ ರಿವರ್ಸ್ ಹೇಳಿಕೊಟ್ಟು, ಅವರು ಮೂವತ್ತನೇ ಸಲ ಚರಂಡಿಯ ಕಡೆಗೇ ತಿರುಗಿಸಿದಾಗ ಮೇಷ್ಟ್ರಿಗೆ ರೋಸಿಹೋಯಿತು. ತಲೆಯೆತ್ತಿ ನೋಡಿದರೆ ಒಂದು ವಿಮಾನ ಹೋಗುತ್ತಿತ್ತು. ಅದರೊಳಗೆ ಒಬ್ಬನೇ ಒಬ್ಬ, ಪಕ್ಕದಲ್ಲಿ ಯಾರೂ ಇಲ್ಲ. ಮೂವತ್ತು ವರ್ಷದಿಂದ ತಾವು ಕಾರಿನಲ್ಲೇ ಬದುಕುತ್ತಿದ್ದೇವೆ, ಆದರೆ ಒಂದು ದಿನವೂ ಗಾಡಿ ತಮ್ಮದಾಗಿಲ್ಲ ಎಂದು ಆಗ ಹೊಳೆಯಿತು. ಸ್ಟೇರಿಂಗ್ ಇನ್ನೊಬ್ಬರ ಕೈಯಲ್ಲಿ, ಜೀವ ತಮ್ಮ ಕೈಯಲ್ಲಿ. ಮಾರನೆಯ ವಾರವೇ ಕ್ಲಬ್ಬಿಗೆ ಸೇರಿದರು. ಒಂದೇ ಒಂದು ಸಲ ಒಬ್ಬರೇ ಹಾರಿ, ಒಬ್ಬರೇ ಇಳಿಯಬೇಕು. ಅವರಿಗೆ ಬೇಕಾದದ್ದು ಅಷ್ಟೆ.

ಅಷ್ಟೆ ಎಂದುಕೊಂಡದ್ದು ಹನ್ನೊಂದು ತಿಂಗಳಾದರೂ ಆಗಿರಲಿಲ್ಲ.

ವಿಮಾನದಲ್ಲಿ ಕಲಿಯುವವರು ಕೂರುವುದು ಎಡಗಡೆ, ಕಲಿಸುವವರು ಬಲಗಡೆ. ಎಡವಟ್ಟಾದದ್ದೇ ಇಲ್ಲಿ. ಮೇಷ್ಟ್ರ ಮೈಗೆ ಎಡಗಡೆ ಸೀಟೆಂದರೆ ಕಲಿಸುವವರ ಸೀಟು. ಮೊದಲ ದಿನ ಹತ್ತಿ ಕೂತೊಡನೆ ಬಲಗಡೆ ತಿರುಗಿ, "ಬೆಲ್ಟ್ ಹಾಕ್ಕೊಳ್ಳಮ್ಮ, ಕನ್ನಡಿ ಸರಿ ಮಾಡ್ಕೊ," ಎಂದುಬಿಟ್ಟರು. ಕ್ಯಾಪ್ಟನ್ ತಣ್ಣಗೆ, "ಇದಕ್ಕೆ ಕನ್ನಡಿ ಇರಲ್ಲ, ಮೇಷ್ಟ್ರೇ," ಎಂದಳು. ಅಂದಿನಿಂದ ಹೀಗೇ. ಅವಳು ಒಂದು ತಿರುವು ತೋರಿಸಿದರೆ, "ಪರವಾಗಿಲ್ಲ, ಚೆನ್ನಾಗಿ ತಿರುಗಿಸ್ತೀಯ," ಎನ್ನುವರು. ಅವಳು ಹಲ್ಲು ಕಚ್ಚಿ ಸುಮ್ಮನಾಗುವಳು. ನೆಲ ಹತ್ತಿರ ಬಂತೆಂದರೆ ಮೇಷ್ಟ್ರ ಬಲಗಾಲು ಎದ್ದು ಬ್ರೇಕು ಹುಡುಕುವುದು.

ಅದಕ್ಕಿಂತ ದೊಡ್ಡ ತಲೆನೋವು ಇನ್ನೊಂದಿತ್ತು. ವಿಮಾನ ಚೆನ್ನಾಗಿ ಇಳಿದ ದಿನಗಳಲ್ಲಿ ಕ್ಯಾಪ್ಟನ್, "ಭೇಷ್! ಪೂರ್ತಿ ನೀವೇ ಇಳಿಸಿದ್ರಿ. ನಾನು ಮುಟ್ಟೇ ಇಲ್ಲ," ಎನ್ನುತ್ತಿದ್ದಳು. ಮೇಷ್ಟ್ರಿಗೆ ಮೈ ಉರಿದುಹೋಗುತ್ತಿತ್ತು. ಮೂವತ್ತು ವರ್ಷದಿಂದ ತಾವೇ ಹಂಚುತ್ತಿದ್ದ ಮಾತದು! ಯಾರಿಗೆ ಹೇಳುತ್ತಾಳೆ ಇವಳು? ಅವಳ ಕೈ ತೊಡೆಯ ಮೇಲಿರುವುದನ್ನು ಕಣ್ಣಾರೆ ಕಂಡರೂ ನಂಬಿಕೆ ಬರಲಿಲ್ಲ. ಕೈ ತೊಡೆಯ ಮೇಲಿಟ್ಟು ಕಾಲಿನಲ್ಲಿ ಕೆಲಸ ಸಾಗಿಸುವುದು ಹೇಗೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮನೆಗೆ ಬಂದು ಹೆಂಡತಿಯ ಮುಂದೆ ರೇಗಾಡಿದರು.

"ಇವತ್ತೂ ಅವಳೇ ಇಳಿಸಿದ್ಲು ಕಣೇ. ನಾನು ಇಳಿಸ್ದೆ ಅಂತ ಪುಸಲಾಯಿಸ್ತಾಳೆ."

"ನೀವು ಎಲ್ಲರಿಗೂ ಮಾಡೋದೂ ಅದೇ ಅಲ್ವೇನ್ರೀ?" ಎಂದಳು ಹೆಂಡತಿ.

ಇದಾದ ಮೂರನೇ ದಿನ ಟೈರು ಹರಿಯಿತು. ಗಾಳಿ ಸ್ವಲ್ಪ ಅಡ್ಡ ಬೀಸುತ್ತಿತ್ತು, ರನ್‌ವೇ ಬುಸ್ಸನೆ ಮೇಲೆದ್ದು ಬಂದಂತಾಯಿತು. ಕ್ಯಾಪ್ಟನ್, "ಕಾಲು!" ಎಂದು ಕೂಗಿದ್ದು ಕೇಳಿಸಿತು. ಅಷ್ಟರಲ್ಲಿ ಬಲಗಾಲು ಮೂವತ್ತು ವರ್ಷದ ಅಭ್ಯಾಸವನ್ನೆಲ್ಲ ಒಟ್ಟುಗೂಡಿಸಿ ಒತ್ತಿಬಿಟ್ಟಿತ್ತು. ಬಲಚಕ್ರ ಕಿರ್ರೆಂದಿತು, ಆಮೇಲೆ ಡಬ್ ಎಂದಿತು. ವಿಮಾನ ಬಲಕ್ಕೆ ಎಳೆದುಕೊಂಡು ಹೋಗಿ, ರನ್‌ವೇ ಬಿಟ್ಟು, ಹುಲ್ಲಿನ ಮೇಲೆ ಕುಂಟುತ್ತಾ ನಿಂತಿತು. ಯಾರಿಗೂ ಗೀರು ಕೂಡ ಆಗಲಿಲ್ಲ. ಕ್ಯಾಪ್ಟನ್ ಇಂಜಿನ್ ಆರಿಸಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಮುಂದೆ ನೋಡುತ್ತಾ ಕೂತಳು.

"ನೀನು ಬ್ರೇಕ್ ಬಿಡಿಸಬಾರದಾಗಿತ್ತಾ?" ಎಂದು ಮೇಷ್ಟ್ರೇ ಜೋರು ಮಾಡಿದರು. ತಪ್ಪು ತಮ್ಮದಾದಾಗ ಅವರ ದನಿ ಯಾವಾಗಲೂ ಏರುತ್ತಿತ್ತು.

"ನೀವು ಒತ್ತದಿದ್ರೆ ನಾನು ಒತ್ತಬಹುದು. ನೀವು ಒತ್ತಿದ್ದನ್ನ ನಾನು ಹೇಗೆ ಬಿಡಿಸ್ಲಿ, ಮೇಷ್ಟ್ರೇ?"

ಮೇಷ್ಟ್ರು ಬೆಲ್ಟು ಕಳಚಿ ಹರಿದ ಟೈರು ನೋಡಲು ಇಳಿದರು.

ಮೆಕ್ಯಾನಿಕ್ ಹೊಸ ಟೈರು ಹಾಕುವವರೆಗೆ ಇಬ್ಬರೂ ವಿಮಾನ ನಿಲ್ಲಿಸುವ ಶೆಡ್ಡಿನ ಹಿಂದಿನ ಕೋಣೆಯಲ್ಲಿ ಕೂತರು. ಗೋಡೆಯ ಮೇಲೆ ಗಾಳಿಯ ನಕ್ಷೆ, ಕೆಳಗೆ ಕಾಲು ಮುರಿದ ಬೆಂಚು, ಮೂಲೆಯಲ್ಲಿ ಆರಿದ ಕಾಫಿಯ ಎರಡು ಲೋಟ. ಕ್ಯಾಪ್ಟನ್ ಬೆಂಚನ್ನು ಗೋಡೆಗೆ ಒರಗಿಸಿ ನೆಟ್ಟಗೆ ಕೂತಳು. ಆಮೇಲೆ ಹೇಳಿದಳು:

"ನಿಮಗೆ ನನ್ನ ನೆನಪಿಲ್ಲ ಅಲ್ವಾ?"

ಮೇಷ್ಟ್ರು ಅವಳ ಮುಖ ನೋಡಿದರು. ಎರಡು ಸಾವಿರಕ್ಕೂ ಹೆಚ್ಚು ಜನ ಅವರ ಕಾರಿನಲ್ಲಿ ಕೂತು ಹೋಗಿದ್ದರು. ಎಲ್ಲರೂ ನೆನಪಿರುತ್ತಾರೆಯೇ?

"ಒಂಬತ್ತು ವರ್ಷದ ಹಿಂದೆ ನಿಮ್ಮ ಹತ್ರಾನೇ ಕಾರು ಕಲ್ತೆ. ಇಪ್ಪತ್ತೆರಡು ಕ್ಲಾಸು. ಪ್ರತಿ ಕ್ಲಾಸಿನಲ್ಲೂ ಭೇಷ್ ಅಂದ್ರಿ. ಟೆಸ್ಟ್ ಪಾಸಾಯ್ತು. ಮಾರನೇ ದಿನ ನಮ್ಮಪ್ಪನ ಕಾರು ತಗೊಂಡು ಒಬ್ಬಳೇ ಹೊರಟೆ. ನಮ್ಮನೆ ಗೇಟು ದಾಟಿ ನೆಟ್ಟಗೆ ಹೋಗಿ ಎದುರುಮನೆ ಕಾಂಪೌಂಡಿಗೆ ಗುದ್ದಿದೆ. ಬ್ರೇಕ್ ಎಲ್ಲಿದೆ ಅಂತ ನನಗೆ ಗೊತ್ತಿತ್ತು, ಮೇಷ್ಟ್ರೇ. ಯಾವಾಗ ಒತ್ತಬೇಕು ಅಂತ ಗೊತ್ತಿರ್ಲಿಲ್ಲ. ಅಲ್ಲೀವರೆಗೂ ಒತ್ತಿದ್ದೆಲ್ಲ ನೀವೇ ಅಂತ ಆ ಕಾಂಪೌಂಡು ಬಿದ್ದ ಮೇಲೆ ತಿಳೀತು."

ಮೇಷ್ಟ್ರಿಗೆ, ಅಂಥದ್ದೇನೂ ಆಗಿರಲಾರದು ಎನ್ನಬೇಕೆನಿಸಿತು. ಆದರೆ ಕಾಂಪೌಂಡು ಬೀಳಿಸಿದವಳ ಮುಂದೆ ಏನು ವಾದ ಮಾಡುವುದು?

"ಅದಕ್ಕೇ ನಾನು ಕಲಿಸೋಕೆ ಶುರು ಮಾಡಿದ ದಿನಾನೇ ಅಂದ್ಕೊಂಡೆ, ಮುಟ್ಟಿದ್ರೆ ಮುಟ್ಟಿದೆ ಅಂತೀನಿ, ಇಲ್ಲಾಂದ್ರೆ ಇಲ್ಲ ಅಂತೀನಿ. ನೀವು ನಂಬಲ್ಲ, ಅದು ನಿಮ್ಮ ಹಣೆಬರಹ. ಆದ್ರೆ ಈ ಕಾಲಿನ ಕಥೆ ಹೀಗೇ ಬಿಡೋ ಹಾಗಿಲ್ಲ. ಇನ್ನೊಂದು ಸಲ ಹೀಗಾದ್ರೆ ಕ್ಲಬ್ಬಿನೋರು ನಿಮ್ಮನ್ನ ವಿಮಾನದ ಹತ್ರಕ್ಕೂ ಸೇರಿಸಲ್ಲ. ನಾನೂ ಬೇಡ ಅಂತಾನೇ ಬರೆದು ಕೊಡಬೇಕಾಗುತ್ತೆ."

"ಹಾಗಾದ್ರೆ ಏನ್ ಮಾಡು ಅಂತೀಯಮ್ಮ? ಕಾಲು ಕತ್ತರಿಸಿ ಕೊಡ್ಲಾ?"

"ಬೇಡ. ನಿಮ್ಮ ಕಾರಿನ ಆ ಎಡಗಡೆ ಬ್ರೇಕ್ ಇದೆಯಲ್ಲ, ಅದರ ಕೇಬಲ್ ಕಳಚಿ. ಕಾರು ಬರದೇ ಇರೋರನ್ನ ಬಲಗಡೆ ಕೂರಿಸಿ. ನಾನು ಹಿಂದೆ ಕೂತಿರ್ತೀನಿ. ಒಂದು ಗಂಟೆ ನೀವು ಆ ಪೆಡಲು ಒತ್ತದೇ ಇದ್ರೆ ಮಾತ್ರ ಮತ್ತೆ ಮೇಲಕ್ಕೆ."

ಮೇಷ್ಟ್ರಿಗೆ ನಗು ಬಂತು. ವಿಮಾನ ಕಲಿಯಲು ಬಂದವರನ್ನು ಕಾರಿಗೆ ವಾಪಸು ಕಳಿಸುವ ಕ್ಯಾಪ್ಟನ್ನು! ಆಮೇಲೆ ನಗು ನಿಂತಿತು. ಕೇಬಲ್ ಕಳಚಿದ ಕಾರಿನಲ್ಲಿ, ದುಡ್ಡು ಕೊಟ್ಟು ಕಲಿಯಲು ಬಂದವರನ್ನು ಕೂರಿಸುವ ಹಾಗಿಲ್ಲ. ಕಾರು ಬರದ, ಆದರೂ ತಮ್ಮ ಮೇಲೆ ಕೇಸು ಹಾಕದ ಮನುಷ್ಯರು ಈ ಊರಿನಲ್ಲಿ ಇನ್ನು ಉಳಿದಿರುವುದು ಒಬ್ಬರೇ.

ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಬೇರೆಯವರ ಕಣ್ಣಿಗೆ ಗಾಜು ಕೂರಿಸಿ ಕೂರಿಸಿ ಅವಳ ಕಣ್ಣು ಚೂಪಾಗಿತ್ತು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಗಂಡನ ಹತ್ತಿರ ಕಾರು ಕಲಿಯಲು ಅವಳು ಮೂರು ಸಲ ಹೊರಟಿದ್ದಳು. ಮೂರನೇ ಸಲ ನಡುರಸ್ತೆಯಲ್ಲಿ ಕಾರು ನಿಲ್ಲಿಸಿ, ಕೀಲಿ ಗಂಡನ ತೊಡೆಯ ಮೇಲಿಟ್ಟು, ಬಸ್ಸು ಹತ್ತಿ ಮನೆಗೆ ಹೋಗಿದ್ದಳು. ಊರಿಗೆಲ್ಲ ಕಾರು ಕಲಿಸಿದವನ ಹೆಂಡತಿ ಹದಿನಾಲ್ಕು ವರ್ಷದಿಂದ ಅಂಗಡಿಗೆ ಬಸ್ಸಿನಲ್ಲೇ ಹೋಗುತ್ತಿದ್ದಳು. ಆ ವಿಷಯ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಅಂದು ಮೇಷ್ಟ್ರು ಎತ್ತಿದರು. ಅವಳು ಬಟ್ಟೆ ಮಡಚುತ್ತಿದ್ದಳು.

"ನೋಡೇ, ನಿನಗೆ ಕಾರು ಕಲಿಸೋಣ ಅಂತಿದ್ದೀನಿ."

ಅವಳು ಮಡಚುವುದನ್ನು ನಿಲ್ಲಿಸಲಿಲ್ಲ. "ಯಾಕೆ, ಮೈಗೆ ಹುಷಾರಿಲ್ವಾ?"

ಮೇಷ್ಟ್ರು ಎಲ್ಲವನ್ನೂ ಹೇಳಬೇಕಾಯಿತು. ಟೈರು, ಹುಲ್ಲು, ಎದುರುಮನೆ ಕಾಂಪೌಂಡು, ಕೇಬಲ್ಲು. ಕಾಂಪೌಂಡಿನ ಕಥೆ ಬಂದಾಗ ಹೆಂಡತಿ ಮಡಚಿದ ಅಂಗಿಯನ್ನು ಮುಖಕ್ಕೆ ಹಿಡಿದು ಒಂದು ನಿಮಿಷ ಅಲುಗಾಡಿದಳು. ಅಳುತ್ತಿಲ್ಲ ಎಂಬುದು ಮೇಷ್ಟ್ರಿಗೆ ಸ್ಪಷ್ಟವಾಗಿತ್ತು.

"ಅಂದ್ರೆ ನಿಮ್ಮ ಬ್ರೇಕು ಕೆಲಸ ಮಾಡಲ್ಲ. ನಿಲ್ಸೋದೆಲ್ಲ ನನ್ನ ಕೈಲೇ."

"ಹ್ಞೂಂ."

"ಹಾಗಿದ್ರೆ ಬರ್ತೀನಿ," ಎಂದಳು.

ಅವಳಿಗೆ ಹೊಸದಾಗಿ ಕಲಿಕೆಯ ಲೈಸೆನ್ಸು ಮಾಡಿಸಲು ಒಂದು ವಾರ ಹಿಡಿಯಿತು. ಮೊದಲ ದಿನ ಬೇಲಿಯ ಪಕ್ಕದ ಖಾಲಿ ರಸ್ತೆ. ಕ್ಯಾಪ್ಟನ್ ಹಿಂದಿನ ಸೀಟಿನಲ್ಲಿ ಚಿಕ್ಕ ಪುಸ್ತಕ, ಪೆನ್ಸಿಲು ಹಿಡಿದು ಕೂತಳು. ಮೇಷ್ಟ್ರು ತಾವೇ ಕಾರಿನಡಿ ನುಸುಳಿ ಕೇಬಲ್ ಕಳಚಿದ್ದರು. ಏನಾದರೂ ಅನಾಹುತವಾದರೆ ಇರಲಿ ಎಂದು ಹ್ಯಾಂಡ್‌ಬ್ರೇಕಿನ ಮೇಲೆ ಮಾತ್ರ ಕೈ ಇಡಬಹುದು ಎಂದು ಅಪ್ಪಣೆಯಾಗಿತ್ತು.

ಕಾರು ಹೊರಟು ಹತ್ತು ಮಾರು ಹೋಗಿರಲಿಲ್ಲ. ಟಪ್! ಕೇಬಲ್ ಇಲ್ಲದ ಪೆಡಲು ನೆಲಕ್ಕೆ ಬಡಿದ ಸದ್ದು.

"ಒಂದು," ಎಂದಳು ಕ್ಯಾಪ್ಟನ್.

"ಅದು ಲೆಕ್ಕಕ್ಕಿಲ್ಲ, ಕಾಲು ಸರಿ ಮಾಡ್ಕೊಂಡೆ."

ಟಪ್.

"ಎರಡು."

"ಅಯ್ಯೋ, ಮುಂದೆ ಹಂಪು ಕಣಮ್ಮ!"

"ಹಂಪು ನನಗೂ ಕಾಣಿಸ್ತಿದೆ," ಎಂದಳು ಹೆಂಡತಿ. ನಿಧಾನ ಮಾಡಿದಳು, ದಾಟಿಸಿದಳು. ಮೇಷ್ಟ್ರಿಗೆ ಅದು ನಿಧಾನ ಎನಿಸಲೇ ಇಲ್ಲ. ಅವರಾಗಿದ್ದರೆ ಇನ್ನೂ ಎರಡು ಮಾರು ಮೊದಲೇ ಒತ್ತುತ್ತಿದ್ದರು. ಒತ್ತಿಯೂ ಇದ್ದರು.

ಅರ್ಧ ಗಂಟೆಯ ನಂತರ ಮನೆಗಳಿರುವ ಬೀದಿಗೆ ಹೊರಳಿದರು. ಅಲ್ಲಿ ಮೇಷ್ಟ್ರ ಜೀವ ಬಾಯಿಗೆ ಬಂತು. ಮಕ್ಕಳು, ಸೈಕಲ್ಲು, ಬಾಗಿಲು ತೆಗೆಯುವ ಕಾರುಗಳು. ಟಪ್, ಟಪ್, ಟಪ್. "ಅದೇನ್ರೀ, ಮರಕುಟಿಗ ಕೂತ ಹಾಗೆ," ಎಂದು ಹೆಂಡತಿ ರೇಗಿದಳು. ಅಷ್ಟರಲ್ಲಿ ಎಡಗಡೆಯ ಗೇಟೊಂದರಿಂದ ಒಂದು ಲಾರಿ ಹಿಂದುಹಿಂದಕ್ಕೆ ಬೀದಿಗೆ ಬಂತು. ಮೇಷ್ಟ್ರು ಕಣ್ಣು ಮುಚ್ಚಿ, ಬಲಗಾಲನ್ನು ಪೂರಾ ಚಾಚಿ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಒತ್ತಿದರು. ಹ್ಯಾಂಡ್‌ಬ್ರೇಕಿನ ನೆನಪೇ ಆಗಲಿಲ್ಲ. ಪೆಡಲು ಹಾಗೇ ನೆಲಕ್ಕೆ ಬಿದ್ದು ಸುಮ್ಮನಾಯಿತು.

ಕಾರು ನಿಂತಿತು.

ಕಣ್ಣು ತೆರೆದರೆ ಲಾರಿಯ ಹಿಂಭಾಗ ಒಂದು ಮಾರು ದೂರದಲ್ಲಿತ್ತು. ಹೆಂಡತಿ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು, "ಇವನಿಗೆ ಹಾರ್ನ್ ಮಾಡ್ಲಾ, ಬೇಡ್ವಾ?" ಎಂದು ಕೇಳುತ್ತಿದ್ದಳು. ಮೇಷ್ಟ್ರು ತಮ್ಮ ಕಾಲನ್ನೊಮ್ಮೆ ನೋಡಿದರು, ಅವಳ ಕಾಲನ್ನೊಮ್ಮೆ ನೋಡಿದರು. ನಿಲ್ಲಿಸಿದ್ದು ತಾವಲ್ಲ. ಇದು ತಿಳಿಯಲು ದೊಡ್ಡ ಬುದ್ಧಿ ಬೇಕಿರಲಿಲ್ಲ, ಆದರೂ ಅವರಿಗೆ ಅದನ್ನು ನುಂಗಿಕೊಳ್ಳಲು ಇಡೀ ಬೀದಿ ಮುಗಿಯಬೇಕಾಯಿತು. ಇವಳು ಹದಿನಾಲ್ಕು ವರ್ಷದ ಹಿಂದೆಯೂ ನಿಲ್ಲಿಸುತ್ತಿದ್ದಳೇ? ನಿಲ್ಲಿಸುತ್ತಿದ್ದಳೇನೋ. ತಾವು ಬಿಟ್ಟಿದ್ದರಲ್ಲವೇ ಗೊತ್ತಾಗುವುದು! ಅವರಿಗೆ ನಾಚಿಕೆಯಾಯಿತು. ನಾಚಿಕೆಯಾದದ್ದಕ್ಕೆ ಸಿಟ್ಟೂ ಬಂತು.

ಗಂಟೆ ಮುಗಿದಾಗ ಕ್ಯಾಪ್ಟನ್ ಪುಸ್ತಕ ಮುಚ್ಚಿದಳು. "ನಲವತ್ತೊಂದು."

"ನಾಳೆ ಮತ್ತೆ ಬರೋಣ," ಎಂದಳು ಹೆಂಡತಿ, ಯಾರೂ ಕೇಳದಿದ್ದರೂ.

ಎರಡನೇ ದಿನ ಮೂವತ್ತೆಂಟು. ಮೂರನೇ ದಿನ ಇಪ್ಪತ್ತು. ನಾಲ್ಕನೇ ದಿನ ಸಂತೆಗೆ ಹೋಗುವ ರಸ್ತೆ ಹಿಡಿದದ್ದರಿಂದ ಮತ್ತೆ ಮೂವತ್ತೈದಕ್ಕೇರಿ ಮೇಷ್ಟ್ರು ತಲೆ ಚಚ್ಚಿಕೊಂಡರು. ಹಿಮ್ಮಡಿ ನೆಲಕ್ಕೂರಿ, ತೊಡೆ ಗಟ್ಟಿಯಾಗಿ ಹಿಡಿದುಕೊಂಡು, ಕಿಟಕಿಯಾಚೆ ನೋಡುತ್ತಾ ಅಂಗಡಿಗಳ ಬೋರ್ಡು ಓದುವುದನ್ನು ಕಲಿತರು. ಎರಡನೇ ವಾರದ ಕೊನೆಗೆ ಎರಡಕ್ಕೆ ಇಳಿಯಿತು. ಆ ಎರಡೂ ಒಂದೇ ನಾಯಿಯ ಸಲುವಾಗಿ. ಮಾರನೆಯ ದಿನ ಆ ನಾಯಿ ಮತ್ತೆ ಅಡ್ಡ ಬಂತು. ಹೆಂಡತಿ ನಿಲ್ಲಿಸಿದಳು, ನಾಯಿ ದಾಟಿತು, ಕಾರು ಹೊರಟಿತು. ಹಿಂದಿನ ಸೀಟಿನಿಂದ ಸದ್ದೇ ಇಲ್ಲ. ಗಂಟೆ ಮುಗಿದ ಮೇಲೆ ಕ್ಯಾಪ್ಟನ್ ಖಾಲಿ ಹಾಳೆಯನ್ನು ಮೇಷ್ಟ್ರಿಗೆ ತೋರಿಸಿದಳು.

"ನಾಳೆ ಬೆಳಗ್ಗೆ ಏಳಕ್ಕೆ ಬನ್ನಿ," ಎಂದಳು.

ಮಾರನೆಯ ಬೆಳಗ್ಗೆ ಗಾಳಿ ಇರಲಿಲ್ಲ. ಜೊತೆಗೆ ಬಂದ ಹೆಂಡತಿ ಹುಲ್ಲಿನ ಬದಿಯಲ್ಲಿ ನಿಂತಳು. ಮೇಷ್ಟ್ರು, ಕ್ಯಾಪ್ಟನ್ ಇಬ್ಬರೂ ಮೂರು ಸುತ್ತು ಹಾರಿದರು. ಮೂರು ಸಲವೂ ಹಿಮ್ಮಡಿ ನೆಲ ಬಿಡಲಿಲ್ಲ. ನಾಲ್ಕನೆಯದಕ್ಕೆ ಮೇಷ್ಟ್ರು ಸಿದ್ಧವಾಗುತ್ತಿದ್ದಾಗ ಕ್ಯಾಪ್ಟನ್ ತನ್ನ ಬೆಲ್ಟು ಕಳಚಿದಳು. ಸೀಟಿನ ಬೆಲ್ಟನ್ನು ಮತ್ತೆ ಸೀಟಿಗೇ ಬಿಗಿದಳು.

"ಎಲ್ಲಿಗಮ್ಮ?"

"ಕೆಳಕ್ಕೆ. ಒಂದು ಸುತ್ತು ಹೋಗಿ ಬನ್ನಿ. ಹುಲ್ಲಿನ ಹತ್ರ ರೇಡಿಯೋ ಹಿಡ್ಕೊಂಡು ನಿಂತಿರ್ತೀನಿ, ಆದ್ರೆ ಬಾಯಿ ಬಿಡಲ್ಲ. ಇಳಿಯೋದು ನಿಮ್ಮದು, ನಿಲ್ಸೋದೂ ನಿಮ್ಮದು."

ಬಾಗಿಲು ಮುಚ್ಚಿತು.  ಹೆಚ್ಚುಕಡಿಮೆ ಒಂದು ವರ್ಷದಿಂದ ಈ ಗಳಿಗೆಗಾಗಿ ಹಪಹಪಿಸಿದ ಮೇಷ್ಟ್ರು ಈಗ ಅವಳನ್ನು ಕೂಗಿ ವಾಪಸು ಹತ್ತಿಸಿಕೊಳ್ಳೋಣವೇ ಎಂದು ನಿಜವಾಗಿಯೂ ಯೋಚಿಸಿದರು. ಆಮೇಲೆ ತಮ್ಮ ಮೇಲೆ ತಾವೇ ಸಿಡುಕಿ, ಇಂಜಿನ್ನಿನ ವೇಗ ಏರಿಸಿದರು.

ಒಬ್ಬರ ಭಾರ ಕಡಿಮೆಯಾದದ್ದಕ್ಕೆ ವಿಮಾನ ಎಂದಿಗಿಂತ ಬೇಗ ನೆಲ ಬಿಟ್ಟಿತು. ಬೇಲಿ, ಖಾಲಿ ರಸ್ತೆ, ರಿವರ್ಸ್ ಹೇಳಿಕೊಡುವ ಜಾಗ, ಎಲ್ಲ ಕೆಳಗೆ ಸರಿದವು. ಮೇಷ್ಟ್ರು ಬಲಗಡೆ ನೋಡಿದರು. ಖಾಲಿ ಸೀಟು, ಬಿಗಿದ ಬೆಲ್ಟು. ಆ ಕಡೆಯ ಪೆಡಲುಗಳು ಇವರ ಪೆಡಲುಗಳ ಜೊತೆ ತಾವೇ ಮುಂದೆ ಹಿಂದೆ ಆಡುತ್ತಿದ್ದವು, ಅವುಗಳ ಮೇಲೆ ಯಾರ ಕಾಲೂ ಇರಲಿಲ್ಲ. ಸುತ್ತು ಮುಗಿಸಿ ರನ್‌ವೇಗೆ ನೇರವಾದರು. ನೆಲ ಹತ್ತಿರ ಬಂತು. ಹಿಮ್ಮಡಿ ಕೆಳಗೆ. ಮೂಗನ್ನು ಮೆಲ್ಲಗೆ ಎತ್ತಿದರು, ಇನ್ನಷ್ಟು ಎತ್ತಿದರು, ವಿಮಾನ ಇಳಿಯಲೊಲ್ಲದೆ ಸ್ವಲ್ಪ ದೂರ ತೇಲಿತು, ಆಮೇಲೆ ಚಕ್ರಗಳು ಕಿಚ್ಚೆಂದು ನೆಲ ಮುಟ್ಟಿದವು. ಹಿಂದೆ ಚೆನ್ನಾಗಿ ಇಳಿದ ದಿನಗಳಲ್ಲಿ ಹೇಗೆ ಇಳಿದಿತ್ತೋ ಹಾಗೇ. ಅದೇ ಕೈ, ಅದೇ ಎತ್ತುವಿಕೆ. ಅಂದರೆ ಆ ಹುಡುಗಿ ಇಷ್ಟು ದಿನವೂ ನಿಜವನ್ನೇ ಹೇಳಿದ್ದಳು. ತಿಂಗಳುಗಟ್ಟಲೆ ವಿಮಾನ ಇಳಿಸಿದ್ದು ತಾವೇ, ಅದನ್ನು ನಂಬದೆ ಮುಖ ಸಿಂಡರಿಸಿದ್ದೂ ತಾವೇ. ಮೇಷ್ಟ್ರ ಕಣ್ಣು ತುಂಬಿ ಬಂತು.

ಕಣ್ಣು ತುಂಬಿಕೊಂಡು ಕೂರುವ ಹೊತ್ತಾಗಿರಲಿಲ್ಲ ಅದು. ವಿಮಾನ ಓಡುತ್ತಲೇ ಇತ್ತು. ಶೆಡ್ಡಿಗೆ ಹೊರಳುವ ದಾರಿ ಬಂತು, ಹೋಯಿತು. ಹಿಮ್ಮಡಿ ಇನ್ನೂ ನೆಲದಲ್ಲೇ. ಎರಡು ವಾರ ಅಷ್ಟು ಪಾಡು ಪಟ್ಟು ಕಲಿಸಿದ ಕಾಲು ಈಗ ಏಳಲು ಒಪ್ಪಲಿಲ್ಲ. ರನ್‌ವೇಯ ಕೊನೆಯ ಬಿಳಿಗೆರೆಗಳು ಕಾಣಿಸಿದವು. ಮೇಷ್ಟ್ರು ರೇಡಿಯೋಗಾಗಿ ಕಾದರು. ಏನಾದರೂ ಹೇಳಬಾರದೇ ಇವಳು? ರೇಡಿಯೋ ಪಿಟ್ಟೆನ್ನಲಿಲ್ಲ. ಪಕ್ಕದಲ್ಲಿ ಯಾರಾದರೂ ಒತ್ತಬಾರದೇ? ಪಕ್ಕದಲ್ಲಿ ಯಾರೂ ಇರಲಿಲ್ಲ. ಕಾರಿನಲ್ಲಿ ತಮ್ಮ ಬಲಗಡೆ ಕೂತವರಿಗೆಲ್ಲ ತಾವು ಎಂದೂ ಸಿಗಗೊಡದ ಆ ಒಂದು ಗಳಿಗೆ ಇದೇ ಎಂದು ಅವರಿಗೆ ಆಗ ಅರ್ಥವಾಯಿತು. "ಈಗ," ಎಂದು ತಮಗೆ ತಾವೇ ಜೋರಾಗಿ ಹೇಳಿಕೊಂಡು, ಎರಡೂ ಕಾಲಿನ ಬೆರಳನ್ನು ಮೇಲಕ್ಕೆ ಸರಿಸಿ, ಎರಡನ್ನೂ ಸಮನಾಗಿ, ಮೆತ್ತಗೆ ಒತ್ತಿದರು. ಗೆರೆಗಳು ಇನ್ನೂ ಸ್ವಲ್ಪ ದೂರವಿರುವಾಗಲೇ ವಿಮಾನ ನೆಟ್ಟಗೆ ನಿಂತಿತು.

ಶೆಡ್ಡಿನ ಬಳಿಗೆ ಬಂದಾಗ ಕ್ಯಾಪ್ಟನ್ ಕೈ ಕುಲುಕಿದಳು. ಮೇಷ್ಟ್ರು ಅವಳ ಕೈ ಬಿಡಲಿಲ್ಲ. "ಆ ಕಾಂಪೌಂಡಿನ ವಿಷಯ... ನನ್ನಿಂದ ತಪ್ಪಾಯ್ತಮ್ಮ," ಎಂದರು. ದನಿ ಏರಿರಲಿಲ್ಲ.

"ಬಿಡಿ ಮೇಷ್ಟ್ರೇ, ಕಟ್ಟಿಸಿ ಆಯ್ತು. ಅಷ್ಟು ದೂರ ಓಡಿಸಿದ್ರಿ, ಆದ್ರೂ ನಾನು ಒಂದು ಮಾತೂ ಆಡ್ಲಿಲ್ಲ, ನೋಡಿ!" ಎಂದು ಬೀಗಿದಳು.

ಹೆಂಡತಿ ಅಷ್ಟರಲ್ಲಿ ಬೇಲಿಯ ಬಳಿಯ ಕಾರಿಗೆ ಹೊರಟಿದ್ದಳು. ನೆಟ್ಟಗೆ ಹೋಗಿ ಡ್ರೈವರ್ ಸೀಟಿನಲ್ಲಿ ಕೂತಳು. ಮೇಷ್ಟ್ರು ಎಡಗಡೆ ಹತ್ತಿದರು. ಪೆಡಲಿನ ಕೇಬಲ್ಲನ್ನು ಅಂದು ಬೆಳಗ್ಗೆಯಷ್ಟೇ ಮತ್ತೆ ಜೋಡಿಸಿದ್ದರು, ನಾಳೆಯಿಂದ ದಂತವೈದ್ಯರ ಕ್ಲಾಸು ಮತ್ತೆ ಶುರು. ಕಾರು ಹೊರಟು ಸ್ವಲ್ಪ ದೂರ ಬಂದ ಮೇಲೆ ಹೆಂಡತಿ ಹೇಳಿದಳು:

"ಆ ಹುಡುಗಿ ಮಾತಾಡ್ಲಿಲ್ಲ, ನಿಜ. ನೀವು ಆ ಕೊನೇವರೆಗೂ ಓಡಿಸ್ಕೊಂಡು ಹೋದಾಗ ನಾನು ಅವಳ ಪಕ್ಕಾನೇ ನಿಂತಿದ್ದೆ. ಬಲಗಾಲನ್ನ ಹುಲ್ಲಿಗೆ ಹೇಗೆ ಒತ್ತುತಿದ್ಲು ಅಂದ್ರೆ, ಬೂಟಿನ ಕೆಳಗೆ ಗುಂಡಿ ಬಿದ್ದಿತ್ತು ಕಣ್ರೀ."

ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿಸಿ ತಲೆಯೆತ್ತಿದರೆ, ಮುಂದೆ ಸಿಗ್ನಲ್ಲು ಹಸಿರಿನಿಂದ ಕೆಂಪಿಗೆ ತಿರುಗುತ್ತಿತ್ತು. ಅವರು ಚಪ್ಪಲಿ ಕಳಚಿ, ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿಟ್ಟುಕೊಂಡು, ಕಿಟಕಿಯಾಚೆ ಅಂಗಡಿಗಳ ಬೋರ್ಡು ಓದತೊಡಗಿದರು. ನಾಲ್ಕನೇ ಬೋರ್ಡಿನ ಹೊತ್ತಿಗೆ ಕಾರು ನಿಂತಿತು.